ಬೆನ್ನ ಹಿಂದಿನ ಕೈ

"ಇನ್ನೊಂದು ಕಪ್ ಇಡು. ಅವನೂ ನಿನ್ನ ಜೊತೆ ಹೊರಡ್ತಾನಲ್ಲ."

ಅತ್ತೆ ಲೆಂಪಿ ಹೀಗೆಂದಾಗ ಕಾಫಿ ಬಗ್ಗಿಸುತ್ತಿದ್ದ ಐಲಿಯ ಕೈ ಹಾಗೆಯೇ ನಿಂತಿತು. ಮುದುಕಿ ಆಗಲೇ ಮಗನ ತಟ್ಟೆಯಲ್ಲಿ ಏಲಕ್ಕಿ ಬ್ರೆಡ್ಡಿಟ್ಟು, ಅದಕ್ಕೆ ಬೆಣ್ಣೆ ಸವರುತ್ತಿದ್ದಳು. ಆ ಮಗ ಆರ್ನಿ, ಐಲಿಯ ಗಂಡ, ಇಲ್ಲವಾಗಿ ಎರಡು ಚಳಿಗಾಲ ಕಳೆದಿದ್ದವು. ಮಾರ್ಚಿನ ಕೊನೆಗೆ, ಮೀನು ಹಿಡಿಯಲು ಹೆಪ್ಪುಗಟ್ಟಿದ ಸರೋವರದ ಮೇಲೆ ನಿಲ್ಲಿಸಿದ್ದ ತನ್ನ ಗುಡಿಸಲನ್ನು ದಡಕ್ಕೆ ಎಳೆದು ತರಲು ಹೋದವನನ್ನು, ಐಸು ಒಡೆದು, ನೀರು ನುಂಗಿತ್ತು. ಮಂಜುಗಡ್ಡೆಯ ಕಣದಲ್ಲಿ ಆಡುವ ಐಸ್ ಹಾಕಿ ಆಟಕ್ಕೆ ಊರಿನ ಕಾಲೇಜಿನ ಹುಡುಗರದೊಂದು ತಂಡವಿತ್ತು; ಅದಕ್ಕೆ ಅವನೇ ಕೋಚ್ ಆಗಿದ್ದ. ಐಲಿ ಅವನ ಸಹಾಯಕಿ. ಅವನ ಜಾಗಕ್ಕೆ ಅವಳನ್ನು ನಿಲ್ಲಿಸಿದ ಕಾಲೇಜಿನವರು ಹೆಸರಿನ ಮುಂದೆ 'ಹಂಗಾಮಿ' ಎಂಬ ಮಾತನ್ನೂ ಅಂಟಿಸಿದ್ದರು. ಇವತ್ತಿನ ಫೈನಲ್ ಗೆದ್ದರೆ ಆ ಮಾತು ಹೋಗುತ್ತದೆಂದು ಕ್ರೀಡಾ ನಿರ್ದೇಶಕರು ಭರವಸೆ ಕೊಟ್ಟಿದ್ದರು.

"ಗೆಲ್ಲಿಸೋನು ನನ್ನ ಮಗ. ನೀನು ಕೋಟು ಹಾಕ್ಕೊಂಡು ನಿಂತಿರ್ತೀಯ, ಅಷ್ಟೆ," ಎಂದಳು ಲೆಂಪಿ, ಚಾಕುವನ್ನು ಒರೆಸಿಡುತ್ತ.

ಐಲಿ ಇನ್ನೊಂದು ಕಪ್ ಇಟ್ಟಳು. ಅತ್ತೆಯ ಮಾತು ಸುಳ್ಳೆಂದು ಹೇಳುವ ಧೈರ್ಯ ಅವಳಿಗೇ ಇರಲಿಲ್ಲ...

ಆಟ ನಡೆಯುವಾಗ ಕೋಚ್ ಹುಡುಗರ ಬೆಂಚಿನ ಹಿಂದೆ ನಿಲ್ಲುತ್ತಾಳೆ. ಮುಂದಿನ ಸರದಿಗೆ ಯಾರು ಕಣಕ್ಕಿಳಿಯಬೇಕೋ ಅವರ ಹೆಗಲು ತಟ್ಟುತ್ತಾಳೆ. ಆ ಗದ್ದಲದಲ್ಲಿ ಹೆಸರು ಕೂಗಿದರೆ ಕೇಳುವುದಿಲ್ಲ. ತಟ್ಟಿಸಿಕೊಂಡವನು ಹಿಂತಿರುಗಿ ನೋಡದೆ ಬೆಂಚಿನ ಮುಂದಿನ ಕಟಕಟೆ ಹಾರಿ ಐಸಿಗಿಳಿಯುತ್ತಾನೆ. ನವೆಂಬರಿನಲ್ಲಿ ಒಂದು ದಿನ, ಐಲಿಯ ಎರಡೂ ಕೈ ಕೋಟಿನ ಜೇಬಿನಲ್ಲಿರುವಾಗಲೇ ಮೂವರು ಹುಡುಗರು ಎದ್ದು ಹಾರಿದರು. ಹಾರಿದವರೇ ಗೋಲು ಹೊಡೆದು ಬಂದರು. ಯಾರು ಕಳಿಸಿದ್ದೆಂದು ಕೇಳಿದರೆ, ನೀವೇ ಅಲ್ಲವೇ ಎಂದು ಮುಖ ಮುಖ ನೋಡಿಕೊಂಡರು. ಕೋಲ್ಬಿ ಎಂಬ ಹುಡುಗ ಮಾತ್ರ ಹೆಗಲು ಉಜ್ಜಿಕೊಳ್ಳುತ್ತ, "ನಿಮ್ಮ ಗ್ಲೌಸ್ ಯಾಕೆ ಕೋಚ್ ಅಷ್ಟು ಒದ್ದೆ? ನೀರಲ್ಲಿ ಅದ್ದಿ ತೆಗೆದ ಹಾಗಿತ್ತು," ಎಂದ.

ಐಲಿ ಗ್ಲೌಸ್ ಹಾಕುವವಳೇ ಅಲ್ಲ.

ಆಮೇಲೆ ಅದು ಮತ್ತೆ ಮತ್ತೆ ಆಯಿತು. ತಂಡ ಗೆಲ್ಲುತ್ತ ಹೋಯಿತು. ಈ ಹೆಂಗಸಿನ ಕಣ್ಣು ಎಷ್ಟು ಚುರುಕು ಎಂದು ಪತ್ರಿಕೆಯವರು ಬರೆದರು. ಕಣದ ಸುತ್ತಲಿನ ಗಾಜಿನಾಚೆ, ಪ್ರೇಕ್ಷಕರ ನಡುವೆ, ಬೆಂಚಿಗೆ ಹತ್ತಿರದ ಸಾಲಿನಲ್ಲಿ ಕೂರುತ್ತಿದ್ದ ಲೆಂಪಿ ಮನೆಗೆ ಬಂದ ಮೇಲೆ ಒಂದೇ ಮಾತು ಕೇಳುತ್ತಿದ್ದಳು: ಇವತ್ತು ಬಂದಿದ್ದನಾ? ಐಲಿಗೆ ಹೆದರಿಕೆಯಾಗಲಿಲ್ಲ, ಅದೇ ವಿಚಿತ್ರ. ಬೆಂಚಿನ ಹಿಂದೆ ಅರ್ಧ ಹೆಜ್ಜೆ ಸರಿದು ಅವನಿಗೆ ಜಾಗ ಬಿಡುವುದನ್ನು ಅವಳು ರೂಢಿ ಮಾಡಿಕೊಂಡಳು. ಬೆನ್ನ ಹಿಂದೆ ಇದ್ದಾನೆಂದರೆ ಹೋಗಿಲ್ಲವೆಂದೇ ಅರ್ಥವಲ್ಲವೇ... ಚರ್ಚಿನಲ್ಲಿ ಶವಪೆಟ್ಟಿಗೆಯ ಮುಂದೆ ನಿಂತಾಗಲೂ ಅವಳ ಕಣ್ಣು ಒದ್ದೆಯಾಗಿರಲಿಲ್ಲ.

ಫೈನಲ್ ಮಧ್ಯಾಹ್ನಕ್ಕಿತ್ತು. ಎರಡೂ ಕಡೆ ಗೋಲು ಸಮ, ಆಟ ಮುಗಿಯುತ್ತ ಬಂದಿತ್ತು. ಅಷ್ಟರಲ್ಲಿ ಎದುರಾಳಿಯೊಬ್ಬ ಕೋಲ್ಬಿಯನ್ನು ಕಣದ ಅಂಚಿನ ಗೋಡೆಗೆ ಅಪ್ಪಳಿಸಿದ. ಹುಡುಗ ತಾನಾಗಿಯೇ ಎದ್ದು ಬಂದನಾದರೂ ಅವನ ಕಣ್ಣು ಯಾವುದರ ಮೇಲೂ ನಿಲ್ಲುತ್ತಿರಲಿಲ್ಲ. ಡಾಕ್ಟರು ಬಂದು ನೋಡುವ ತನಕ ಅಲುಗಾಡಬೇಡವೆಂದು ಐಲಿ ಅವನನ್ನು ಬೆಂಚಿನ ತುದಿಗೆ ಕೂರಿಸಿದಳು.

ಆಗ ಅವಳ ಬೆನ್ನ ಹಿಂದಿನ ಗಾಳಿ ತಣ್ಣಗಾಯಿತು. ಸರೋವರದ ತಳದ ಕೆಸರಿನ ವಾಸನೆ ಬಂತು. ಕೋಲ್ಬಿ ಎದ್ದು ನಿಂತ.

"ಎಲ್ಲಿಗೋ?"

"ತಟ್ಟಿದ್ರಲ್ಲ ಕೋಚ್."

ಅವನ ಕೆಂಪು ಅಂಗಿಯ ಹೆಗಲ ಮೇಲೆ ಐದು ಬೆರಳುಗಳ ಒದ್ದೆ ಗುರುತು ಮೂಡಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಗಾಜಿನಾಚೆ ಲೆಂಪಿ ಎದ್ದು ನಿಂತಿದ್ದಳು. ಪ್ರಾರ್ಥನೆಯ ಹೊತ್ತಿನಲ್ಲಿ ಬೆಳಗುವ ಹಾಗೆ ಅವಳ ಮುಖ ಬೆಳಗುತ್ತಿತ್ತು. ಈ ಕೈ ಕಳಿಸಿದವರು ಗೋಲು ಹೊಡೆಯದೆ ಬಂದದ್ದಿಲ್ಲ. ಒಂದು ಕ್ಷಣ, ಒಂದೇ ಕ್ಷಣ, ಐಲಿ ಸುಮ್ಮನಿದ್ದಳು...

ಮರುಗಳಿಗೆ ಹುಡುಗನ ಅಂಗಿಯನ್ನು ಹಿಂದಿನಿಂದ ಹಿಡಿದೆಳೆದು ಕೂರಿಸಿದಳು. ಯಾರೂ ಇಲ್ಲದ ಜಾಗದ ಕಡೆ ತಿರುಗಿ, ಅಡುಗೆಮನೆಯಲ್ಲಿ ಗಂಡನೊಡನೆ ಮಾತಾಡುವಷ್ಟೇ ಮೆಲ್ಲಗೆ ಹೇಳಿದಳು:

"ಬೇಡ, ಆರ್ನಿ. ಇವನು ಇನ್ನೊಬ್ಬ ತಾಯಿಯ ಮಗ. ಈ ಬೆಂಚು ಈಗ ನನ್ನದು. ನೀನು ಹೊರಡು..."

ಚಳಿ ಹೋಯಿತು. ಹಲ್ಲು ಕಿತ್ತ ಜಾಗದ ಹಾಗೆ ಬೆನ್ನ ಹಿಂದೆ ಬರೀ ಖಾಲಿ. ಐಲಿ ತನ್ನ ಕೈಯಿಂದಲೇ ಬೇರೆ ಮೂವರ ಹೆಗಲು ತಟ್ಟಿ ಕಳಿಸಿದಳು. ಅವರು ಪ್ರಾಣ ಒತ್ತೆಯಿಟ್ಟು ಆಡಿದರು, ಆದರೂ ಕೊನೆಯ ಗೋಲು ಎದುರಾಳಿಗಳ ಪಾಲಾಯಿತು.

ಕೋಲ್ಬಿಯ ತಲೆಯೊಳಗೆ ರಕ್ತ ಒಸರುತ್ತಿತ್ತಂತೆ. ಇನ್ನೊಂದು ಪೆಟ್ಟು ಬಿದ್ದಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದರು ಡಾಕ್ಟರು. ನಿರ್ದೇಶಕರು ಐಲಿಯ ಮುಖ ನೋಡದೆ, 'ಹಂಗಾಮಿ' ಇನ್ನೊಂದು ವರ್ಷ ಇರಲಿ ಎಂದು ಹೇಳಿ ಹೋದರು. ಆಗಲಿ ಎಂದಳು.

ಹೊರಗೆ ಕಾರಿನಲ್ಲಿ ಲೆಂಪಿ ಕೂತಿದ್ದಳು. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಐಲಿ ಬಾಗಿಲು ತೆರೆದಳು.

"ಹೋದನಾ?"

"ಹೋದ, ಅತ್ತೆ."

"ನೀನೇ ಕಳಿಸಿದೆ."

"ಹೂಂ. ನಾನೇ."

ಮುದುಕಿ ಹೊರಗಿನ ಹಿಮದ ಕಡೆ ಮುಖ ತಿರುಗಿಸಿದಳು. ಅವಳ ಮಾತಿನಲ್ಲಿ ಎಂದಿನ ಮೊನೆ ಇರಲಿಲ್ಲ.

"ಆವತ್ತು ಬಾಗಿಲಿಗೆ ಅಡ್ಡ ನಿಂತಿದ್ದೆ ಕಣೇ. ಐಸು ಮೆತ್ತಗಾಗಿದೆ, ಆ ಗುಡಿಸಲು ಹಾಳಾಗಿ ಹೋಗಲಿ ಬಿಡು ಅಂದೆ. ನನ್ನ ಕೆನ್ನೆ ಹಿಂಡಿ, ನಗ್ತಾ ಹೋದ... ಹುಟ್ಟಿದಾಗಿಂದ ಯಾರು ಬೇಡ ಅಂದ್ರೂ ಕೇಳಿದೋನಲ್ಲ. ಇವತ್ತು ನಿನ್ನ ಮಾತು ಕೇಳಿದ."

ಐಲಿ ಕಾರಿನ ಕೀಲಿ ತಿರುಗಿಸಲು ಹೋದಳು. ಎದೆಯ ಯಾವುದೋ ಆಳದಿಂದ, ತನ್ನದೇ ಎಂದು ಗುರುತು ಸಿಗದ ಒಂದು ದನಿ ಎದ್ದು ಬಂತು. ಗಂಡ ಸತ್ತನೆಂಬುದು ಅವಳಿಗೆ ನಿಜವಾಗಿ ತಿಳಿದದ್ದು ಆ ಗಳಿಗೆಯಲ್ಲಿ. ಅವಳ ತಲೆ ಮುಂದಕ್ಕೆ ಬಾಗಿತು. ಲೆಂಪಿ ಆ ತಲೆಯನ್ನು ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಅಳು, ಮಗಳೇ. ನಾನೂ ಇನ್ನೂ ಅತ್ತಿಲ್ಲ."