ಇಲ್ಲದ ನಲವತ್ತೊಂದು ಮರಗಳು

ಕೆಮ್ಮಣ್ಣಿನಲ್ಲಿ ಅದ್ದಿದ ಕುಂಚ ಇನ್ನೇನು ಬೇವಿನ ಮರಕ್ಕೆ ತಾಗಬೇಕು, ಅಷ್ಟರಲ್ಲಿ ಜಯದೇವಿ ಅಡ್ಡ ಬಂದು ನಿಂತಳು. ಕುಂಚ ಅವಳ ತೋಳಿಗೆ ತಾಗಿತು.

ಕುಂಚ ಹಿಡಿದವನು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ತಲೆಯ ಮೇಲೆ ಕರಿ ಟೋಪಿ, ಬಗಲಲ್ಲಿ ದಪ್ಪ ರಿಜಿಸ್ಟರು. ಕಮಲಾಪುರದಲ್ಲಿ ಈ ಮುಖವನ್ನು ಯಾರೂ ನೋಡಿರಲಿಲ್ಲ.

"ಮೊದ್ಲ ನನ್ನ ಕಡೀರಿ. ಆಮ್ಯಾಲ ಗಿಡ ಕಡೀರಿ," ಎಂದಳು ಜಯದೇವಿ.

"ಕಡೀಲಾಕ ಬಂದಿಲ್ರೀ ಬಾಯಿ. ಎಣಸ್ಲಾಕ ಬಂದೀನಿ."

"ಹೋದ ವರ್ಷ ಬಂದವರೂ ಹಂಗ ಅಂದಿದ್ರು."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹಿಂದಿನ ವರ್ಷ ಹುಮನಾಬಾದ್ ದಾರಿಯ ಹುಣಸೆ ಮರಗಳಿಗೆ ಯಾರೋ ಗುತ್ತಿಗೆದಾರರ ಆಳುಗಳು ಹೀಗೇ ಕೆಂಪು ಅಂಕಿ ಬರೆದು ಹೋಗಿದ್ದರು. ಎಂಟು ದಿನದೊಳಗೆ ಅಂಕಿ ಬಿದ್ದ ಒಂದು ಮರವೂ ಉಳಿಯಲಿಲ್ಲ. ಅಂದಿನಿಂದ ಆ ಊರಿನಲ್ಲಿ ಕೆಮ್ಮಣ್ಣು ಕಂಡರೆ ಕೊಡಲಿ ಕಂಡ ಹಾಗೆ.

ಬಂದವನ ಹೆಸರು ದೇವೀಂದ್ರಪ್ಪ. ಕಲಬುರಗಿಯಲ್ಲಿ ಊರು ಸುಧಾರಣೆಯ ಕೆಲಸ ನೋಡುವ ಒಂದು ಕಚೇರಿಯ ಗುಮಾಸ್ತ. ಉರ್ದು ಬಲ್ಲವನು, ಇಂಗ್ಲಿಷನ್ನೂ ತಕ್ಕಮಟ್ಟಿಗೆ ಓದಬಲ್ಲವನು. ಆದರೆ ಸಿಟ್ಟಾದ ಹೆಣ್ಣುಮಗಳ ಮುಂದೆ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

'ಕಣ್ಣು ಎಷ್ಟು ದೊಡ್ಡವು... ಸಿಟ್ಟಿನಲ್ಲಿ ಇನ್ನೂ ದೊಡ್ಡವಾಗ್ತಾವ!' ಎಂದುಕೊಂಡ. ಸರಕಾರಿ ಕೆಲಸದ ಮೇಲೆ ಬಂದವನು ಯೋಚಿಸುವ ಮಾತೇ ಇದು?

ಗಲಾಟೆ ಕೇಳಿ ಅವಳ ತಂದೆ ಖಂಡೆಪ್ಪ ತೋಟದಿಂದ ಬಂದ. ಕೆಂಪು ಬಾಳೆ ಬೆಳೆಯುವ ಖಂಡೆಪ್ಪನಿಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವುದು ಗೊತ್ತಿರಲಿಲ್ಲ. ಕೂರಿಸಿ, ಕೈಗೆ ಹಣ್ಣು ಕೊಟ್ಟು, ಆಮೇಲೆ ಏನು ಎತ್ತ ಎಂದು ವಿಚಾರಿಸಿದ.

ದೇವೀಂದ್ರಪ್ಪ ರಿಜಿಸ್ಟರಿನೊಳಗಿಂದ ಒಂದು ಹಾಳೆ ತೆಗೆದ. ಅಮೆರಿಕದ ಪತ್ರಿಕೆಯದು. ಅಲ್ಲಿ ಒಂದೇ ಹೊಳೆಯ ದಂಡೆಯಲ್ಲಿ ಸೇಂಟ್ ಪಾಲ್, ಮಿನಿಯಾಪೊಲಿಸ್ ಎಂಬ ಎರಡು ಊರುಗಳಿವೆಯಂತೆ. ನಾ ಹೆಚ್ಚೋ ನೀ ಹೆಚ್ಚೋ ಎಂದು ಎರಡಕ್ಕೂ ಸದಾ ಜಿದ್ದು. ಒಂದು ಎಕರೆಗೆ ಎಷ್ಟು ಜನ, ಎಷ್ಟು ಮರ, ಯಾವ ಊರಿನಲ್ಲಿ ನೆರಳು ಹೆಚ್ಚು ಎಂದು ಪತ್ರಿಕೆಯವರು ಪಕ್ಕಪಕ್ಕಕ್ಕೆ ಇಟ್ಟು ಬರೆದಿದ್ದರು. ಅದನ್ನು ಓದಿದ ಕಚೇರಿಯ ಸಾಹೇಬರು ಕಲಬುರಗಿಯನ್ನೂ ಕಮಲಾಪುರವನ್ನೂ ಹಾಗೇ ಅಳೆದು ನೋಡಲು ಹೊರಟಿದ್ದರು.

ಬಾಳೆಯನ್ನೂ ಎಣಿಸುತ್ತೀರಲ್ಲವೇ ಎಂದು ಖಂಡೆಪ್ಪ ಹುರುಪಿನಿಂದ ಕೇಳಿದ. ಬಾಳೆ ಮರದ ಲೆಕ್ಕಕ್ಕೆ ಬರುವುದಿಲ್ಲ ಎಂದು ತಿಳಿದಾಗ ಅವನ ಮುಖ ಬಾಡಿತು. ಅತಿಥಿಗೆ ಎರಡನೇ ಹಣ್ಣು ಕೊಡಲು ತುಸು ತಡಮಾಡಿದ.

ಜಯದೇವಿ ಮಾತ್ರ ಒಂದು ಅಕ್ಷರವನ್ನೂ ನಂಬಲಿಲ್ಲ. ಮರ ಎಣಿಸಲು ಯಾರಾದರೂ ಸಂಬಳ ಕೊಡುತ್ತಾರೆಯೇ?

ಮರುದಿನ ನಸುಕಿನಲ್ಲಿ ನೀರಿಗೆ ಹೋಗುವಾಗ ಅವಳು ಕೊಡದ ಜೊತೆ ಒಂದು ಹಳೆಯ ಬಟ್ಟೆಯನ್ನೂ ಒಯ್ದಳು. ದಾರಿಯಲ್ಲಿ ಸಿಕ್ಕ ನಾಲ್ಕು ಮರಗಳ ಅಂಕಿಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ಅಳಿಸಿದಳು. ಅದರ ಮರುದಿನ ಮತ್ತೆ ಮೂರು. ಹೀಗೇ ದಿನವೂ ನಡೆಯಿತು. ದೇವೀಂದ್ರಪ್ಪ ಒಂದೊಂದು ದಿನ ಒಂದೊಂದು ದಿಕ್ಕಿನಿಂದ ಬರುತ್ತಿದ್ದ. ಅಂಕಿ ಇಲ್ಲದ ಮರ ಕಂಡರೆ, ಇದು ಬಿಟ್ಟುಹೋಗಿತ್ತು ಎಂದುಕೊಂಡು ಹೊಸ ಅಂಕಿ ಹಾಕುತ್ತಿದ್ದ. ಬೇವಿನ ಮರಗಳು ಒಂದನ್ನೊಂದು ಎಷ್ಟು ಹೋಲುತ್ತವೆ ಎಂಬುದು ಊರಿನವರಿಗೆ ಗೊತ್ತಾಗುವುದಿಲ್ಲ, ಹೊರಗಿನವರಿಗಷ್ಟೇ ಗೊತ್ತು.

ಅವನು ಚಾವಡಿಯಲ್ಲಿ ಉಳಿದುಕೊಂಡಿದ್ದ. ಊಟ ಖಂಡೆಪ್ಪನ ಮನೆಯಲ್ಲಿ. ಜೊತೆಗೆ ಬಣ್ಣದ ಮಡಿಕೆ ಹೊರುವ ವಯಸ್ಸಾದ ಕರೀಂಸಾಬ್. ದೇವೀಂದ್ರಪ್ಪ ರೊಟ್ಟಿ ತಿನ್ನುವಾಗಲೂ ರಿಜಿಸ್ಟರು ನೋಡುತ್ತಾನೆಂದು ಕರೀಂಸಾಬ್ ನಗುತ್ತಿದ್ದ. ಈಗೀಗ ರಿಜಿಸ್ಟರು ಬಿಟ್ಟು ಬೇರೆ ಕಡೆ ನೋಡುತ್ತಾನೆ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಹನ್ನೆರಡನೆಯ ದಿನ ಜಯದೇವಿ ತಾನಾಗಿಯೇ ಕೇಳಿದಳು.

"ಕಲಬುರಗ್ಯಾಗ ಎಣಸಿ ಆಯ್ತೇನ್ರೀ?"

ಆಯಿತು ಎಂದ ದೇವೀಂದ್ರಪ್ಪ ಪುಟ ತೆರೆದು ತೋರಿಸಿದ. ಪೇಟೆಯ ಹಿಂದಿನ ಒಂದು ಓಣಿ. ಒಂದು ಎಕರೆ ಜಾಗ. ಇಪ್ಪತ್ತಾರು ಮನೆ, ನೂರ ಎಪ್ಪತ್ತು ಜನ. ಮರ ಒಂದೂ ಇಲ್ಲ. ಓಣಿಯ ಹೆಸರು ಹೇಳಿದಾಗ ಜಯದೇವಿ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು.

ಅವಳ ಅಕ್ಕ ಲಲಿತಾಬಾಯಿಯನ್ನು ಕೊಟ್ಟದ್ದು ಅದೇ ಓಣಿಗೆ. ಕಿಟಕಿಯಿಲ್ಲದ ಒಂದು ಕೋಣೆ. ಮೂರು ವರ್ಷದ ಹಿಂದೆ ದೊಡ್ಡ ಜ್ವರ ಬಂದಾಗ ಅಕ್ಕ ಅಲ್ಲಿಯೇ ಹೋದಳು. ಜರಾ ಗಾಳಿ ಬರುವ ಕಡೆ ಮಲಗಿಸಿ ಎಂದು ಕೇಳುತ್ತಲೇ ಹೋದಳಂತೆ. ಇನ್ನು ಆ ಊರಿಗೆ ಕಾಲಿಡುವುದಿಲ್ಲವೆಂದು ಜಯದೇವಿ ಅಂದೇ ಅಪ್ಪನಿಗೆ ಹೇಳಿಬಿಟ್ಟಿದ್ದಳು.

"ಮನಿ ಎಣಸಿದ್ರಿ, ಮಂದೀನೂ ಎಣಸಿದ್ರಿ," ಎಂದಳು ಮೆಲ್ಲಗೆ. "ಸತ್ತವರನ್ನ ಎಣಸಿದ್ರೇನ್ರೀ?"

ಅವಳು ಅಳುತ್ತಿರಲಿಲ್ಲ, ಅದರಿಂದಲೇ ದೇವೀಂದ್ರಪ್ಪನಿಗೆ ಹೆಚ್ಚು ಸಂಕಟವಾಯಿತು.

"ಅದಕ್ಕ ಎಣಸಾಕತ್ತೀನ್ರೀ," ಎಂದ. "ಎರಡೂ ಊರಿನ ಲೆಕ್ಕ ಬಾಜೂಕ ಬಾಜೂ ಇಟ್ಟರ ಸಾಹೇಬರು ಕಣ್ಣು ಮುಚ್ಚಿಕೊಳ್ಳಲಾಕ ಆಗಂಗಿಲ್ಲ. ಆ ಓಣಿ ಒಡೆದು ಗಾಳಿ ಬಿಡ್ಬೇಕು. ಗಿಡ ಹಚ್ಚಬೇಕು. ಕಮಲಾಪುರ ನನ್ನ ಸಾಕ್ಷಿ ಅದ."

ಆಗ ನಂಬಿದಳು ಜಯದೇವಿ. ಅವನು ನಿಜವಾಗಿಯೂ ಎಣಿಸಲು ಬಂದವನು! ತಾನು ಮಾಡಿದ್ದು ಎಂಥ ಕೆಲಸ... ಆ ದಿನದಿಂದ ಒದ್ದೆ ಬಟ್ಟೆ ಮೂಲೆ ಸೇರಿತು. ಹೇಳಿಬಿಡಬೇಕು ಎಂದು ಮೂರು ಸಲ ಬಾಯಿ ತೆರೆದಳು. ತನ್ನನ್ನು ಎಂಥ ದಡ್ಡಿ ಎಂದುಕೊಳ್ಳುತ್ತಾನೋ ಎಂಬ ನಾಚಿಕೆ ಮೂರು ಸಲವೂ ಬಾಯಿ ಮುಚ್ಚಿಸಿತು. ಅವನು ಏನೆಂದುಕೊಂಡರೂ ಚಿಂತೆಯಿಲ್ಲ ಎನ್ನುವ ಕಾಲ ಆಗಲೇ ಮುಗಿದುಹೋಗಿತ್ತು.

ಹೊರಡುವ ದಿನ ದೇವೀಂದ್ರಪ್ಪ ಖಂಡೆಪ್ಪನನ್ನು ತೋಟದ ಬದುವಿಗೆ ಕರೆದೊಯ್ದು ಮಾತಾಡಿದ. ಖಂಡೆಪ್ಪ ನಗುಮುಖದಿಂದ ಮನೆಗೆ ಬಂದು ಮಗಳನ್ನು ಕೇಳಿದ. ಹುಡುಗ ನಮ್ಮವನೇ, ಒಳ್ಳೆಯವನು, ನನ್ನ ಕೈಹಿಡಿದು ನಿನ್ನನ್ನು ಕೇಳಿದ್ದಾನೆ...

ಜಯದೇವಿಯ ಎದೆ ಒಂದು ಕ್ಷಣ ಹೂವಾಯಿತು. ಮರುಕ್ಷಣ ಕಿಟಕಿಯಿಲ್ಲದ ಆ ಕೋಣೆ ಕಣ್ಣ ಮುಂದೆ ಬಂತು.

"ಕಲಬುರಗಿಗಿ ನಾ ಹೋಗಂಗಿಲ್ಲಪ್ಪಾ," ಎಂದಳು.

ಅಂಗಳದಲ್ಲಿ ನಿಂತಿದ್ದ ದೇವೀಂದ್ರಪ್ಪನಿಗೆ ಅದು ಕೇಳಿಸಿತು. ಟೋಪಿ ಸರಿಮಾಡಿಕೊಂಡು, ಕೈಮುಗಿದು, ಗಾಡಿ ಹತ್ತಿದ. ಗಾಡಿ ಮರೆಯಾಗುವವರೆಗೂ ಅವಳು ಬಾಗಿಲ ಹಿಂದೆ ನಿಂತಿದ್ದಳು. ಹಿಂತಿರುಗಿ ನೋಡಲಿ ಎಂದೂ ಅನಿಸಿತು, ನೋಡದಿರಲಿ ಎಂದೂ ಅನಿಸಿತು.

ಮೂರು ವಾರ ಕಳೆದ ಮೇಲೆ ಕರೀಂಸಾಬ್ ಒಬ್ಬನೇ ಬಂದ. ಕುಂಚವಿಲ್ಲ, ಮಡಿಕೆಯಿಲ್ಲ. ಕಟ್ಟೆಯ ಮೇಲೆ ಕುಸಿದು ಕೂತ.

ಕಮಲಾಪುರದ ಲೆಕ್ಕದಲ್ಲಿ ಆರುನೂರ ಹನ್ನೆರಡು ಮರ ಎಂದು ದೇವೀಂದ್ರಪ್ಪ ಬರೆದಿದ್ದ. ತಪಾಸಣೆಗೆ ಬಂದವರಿಗೆ ಸಿಕ್ಕಿದ್ದು ಐನೂರ ಎಪ್ಪತ್ತೊಂದು. ಇಲ್ಲದ ನಲವತ್ತೊಂದು ಮರ ಎಲ್ಲಿಂದ ಬಂದವು? ಹೆಣ್ಣು ಕೇಳಲು ಹೋಗಿದ್ದ ಊರಲ್ಲವೇ, ಮಾವನ ಊರು ಹೆಚ್ಚೆಂದು ತೋರಿಸಲು ಬರೆದಿದ್ದಾನೆ ಎಂದು ಕಚೇರಿಯಲ್ಲಿ ಗುಲ್ಲೆದ್ದಿತ್ತು. ಬರುವ ಸೋಮವಾರ ಸಾಹೇಬರು ಅವನನ್ನು ಕೆಲಸದಿಂದ ತೆಗೆಯುವವರಿದ್ದರು. ಲೆಕ್ಕ ಪೂರಾ ಸುಳ್ಳೆಂದು ಕಸದ ಬುಟ್ಟಿಗೆ ಹೋಗುವುದರಲ್ಲಿತ್ತು. ಓಣಿಯ ಪುಟವೂ ಅದರ ಜೊತೆಗೇ.

ಜಯದೇವಿ ತನ್ನ ಕೈಗಳನ್ನೇ ನೋಡಿಕೊಂಡಳು.

"ದೇವೀಂದ್ರಪ್ಪನವರಿಗಿ ಈಗ ಹೊಳೆದದ ಬೇಟಿ," ಎಂದ ಕರೀಂಸಾಬ್. "ನಿನ್ನ ಉಗುರಿನ ಸಂದ್ಯಾಗ ಕೆಮ್ಮಣ್ಣು ಇತ್ತು ಅಂತ. ಸಾಹೇಬರ ಮುಂದ ಹೇಳ್ರಿ ಅಂದೆ. ಹೆಣ್ಣುಮಗಳ ಹೆಸರು ಕಚೇರ್ಯಾಗ ಎತ್ತಂಗಿಲ್ಲ ಅಂದ್ರು. ನೌಕರಿ ಹೋದ್ರ ಹೋಗ್ಲಿ ಅಂತಾರ."

ಬೇಡವೆಂದವಳ ಹೆಸರು ಕಾಪಾಡಲು ಅವನು ತನ್ನ ಹೆಸರು ಕಳೆದುಕೊಳ್ಳುತ್ತಿದ್ದ. ಜಯದೇವಿ ಆಗ ಅತ್ತಳು. ಅತ್ತು ಮುಗಿಸಿ, ಮುಖ ತೊಳೆದುಕೊಂಡು, ಅಪ್ಪನ ಮುಂದೆ ಬಂದು ನಿಂತಳು.

"ಗಾಡಿ ಕಟ್ಟಪ್ಪಾ. ಕಲಬುರಗಿಗಿ ಹೋಗಮು."

ಸರಕಾರಿ ಕೆಲಸ ಕೆಡಿಸಿದ್ದೀಯ, ನಿನ್ನನ್ನೇ ಹಿಡಿದು ಕೂರಿಸಿದರೆ ಏನು ಗತಿ ಎಂದು ಖಂಡೆಪ್ಪ ಹೆದರಿದ. ಕೂರಿಸಿದರೆ ಕೂರುತ್ತೇನೆ ಎಂದಳು ಮಗಳು.

ಭಾನುವಾರ ಇಡೀ ದಿನ ಗಾಡಿಯಲ್ಲಿ ಕಳೆಯಿತು. ಸಂಜೆ ಶರಣಬಸವೇಶ್ವರ ಗುಡಿಯ ಬಳಿ ಇಳಿದರು. ಪೇಟೆಯ ಕಡೆಯಿಂದ ಹೊಗೆ, ಧೂಳು, ಜನರ ಗದ್ದಲ. ಜಯದೇವಿಗೆ ಉಸಿರು ಕಟ್ಟಿದಂತಾಯಿತು. ಅಪ್ಪನ ಕೈ ಬಿಗಿಯಾಗಿ ಹಿಡಿದುಕೊಂಡಳು, ಆದರೆ ತಿರುಗಿ ಹೋಗೋಣ ಎನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಕಚೇರಿಗೆ ಒಬ್ಬ ಹೆಣ್ಣುಮಗಳು ಬಂದದ್ದು ನೋಡಿ ಗುಮಾಸ್ತರ ಲೇಖನಿಗಳು ನಿಂತವು. ದೇವೀಂದ್ರಪ್ಪ ಸಾಹೇಬರ ಮೇಜಿನ ಮುಂದೆ ತಲೆತಗ್ಗಿಸಿ ನಿಂತಿದ್ದ. ಅವಳನ್ನು ನೋಡಿ, ಬೇಡ ಎನ್ನುವಂತೆ ತಲೆಯಾಡಿಸಿದ.

"ಆ ನಲವತ್ತೊಂದು ಗಿಡ ಅವರು ಹುಟ್ಟಿಸಿದ್ದಲ್ರೀ," ಎಂದಳು ಜಯದೇವಿ. "ನಾ ಹುಟ್ಟಿಸಿದ್ದು. ಕಡೀತಾರ ಅಂತ ಅಂಜಿ ಅಂಕಿ ಅಳಿಸಿದೆ. ಅವರು ಎರಡೆರಡು ಸಲ ಎಣಸಿದ್ರು."

ಸಾಹೇಬರು ಕನ್ನಡಕ ತೆಗೆದರು. ಹೇಳುವುದು ಸುಲಭ, ಇದಕ್ಕೆ ಪುರಾವೆ ಏನು ಎಂದು ಕೇಳಿದರು.

"ರಿಜಿಸ್ಟರು ಓದ್ಲಾಕ ಹೇಳ್ರಿ. ಎರಡು ಸಲ ಬಂದದ್ದು ಯಾವುದು ಅಂತ ನಾ ಹೇಳ್ತೀನಿ."

ದೇವೀಂದ್ರಪ್ಪ ಓದತೊಡಗಿದ. ಹದಿನೇಳು, ಗುಡಿಯ ಬಲಕ್ಕೆ, ಎರಡು ಕವಲಿನ ಬೇವು. ಸರಿ ಎಂದಳು. ಐವತ್ತೊಂಬತ್ತು, ಗುಡಿಯ ಎಡಕ್ಕೆ, ಎರಡು ಕವಲಿನ ಬೇವು.

"ಅದೇ ಗಿಡ ಅದು. ಅವತ್ತ ನೀವು ಬಾವಿ ಕಡೆಯಿಂದ ಬಂದ್ರಿ, ಅದಕ್ಕ ಎಡಕ್ಕ ಕಂಡದ."

ಅವನು ಓದಿದ, ಅವಳು ಹೇಳಿದಳು. ಎಂಬತ್ತೆರಡು ಬೇರೆ ಅಲ್ಲ, ಮೂವತ್ತೊಂದೇ. ಆ ದಿನ ನೀವು ಬಿಳಿ ಅಂಗಿ ಹಾಕಿಕೊಂಡು ಚಾವಡಿಯ ಕಡೆಯಿಂದ ಬಂದಿರಿ. ನೂರ ಹತ್ತು ಬೇರೆ ಅಲ್ಲ. ಆ ದಿನ ನಿಮ್ಮ ಕಾಲಿಗೆ ಮುಳ್ಳು ಚುಚ್ಚಿತ್ತು, ಕುಂಟುತ್ತ ಹಿತ್ತಲ ಕಡೆಯಿಂದ ಬಂದಿರಿ... ಒಂದೊಂದಾಗಿ ಕೆಂಪು ಶಾಯಿಯ ಗೆರೆಗಳು ಬೀಳತೊಡಗಿದವು. ಮಧ್ಯಾಹ್ನವಾಯಿತು. ಯಾರೂ ಊಟಕ್ಕೆ ಏಳಲಿಲ್ಲ. ಕೊನೆಯ ಗೆರೆ ಬಿದ್ದಾಗ ಸಾಹೇಬರು ತಾವೇ ಲೆಕ್ಕ ಹಾಕಿ ನೋಡಿದರು. ಸರಿಯಾಗಿ ನಲವತ್ತೊಂದು.

ಅವರು ಜಯದೇವಿಯನ್ನು ನೋಡಿದರು. ಆಮೇಲೆ ದೇವೀಂದ್ರಪ್ಪನನ್ನು ನೋಡಿದರು. ಮೀಸೆಯ ಕೆಳಗೆ ನಗು ಮೂಡಿತು.

"ಒಂದು ಮಾತು ಹೇಳಮ್ಮಾ. ಇಷ್ಟು ದಿನ ನೀ ಗಿಡ ನೋಡಿದ್ಯೋ, ಗಿಡ ಎಣಸಾವನ್ನ ನೋಡಿದ್ಯೋ?"

ಕಚೇರಿಯೆಲ್ಲ ನಕ್ಕಿತು. ಜಯದೇವಿಯ ಮುಖ ಅವಳ ಅಪ್ಪನ ತೋಟದ ಬಾಳೆಹಣ್ಣಿನ ಹಾಗೆ ಕೆಂಪಾಯಿತು. ದೇವೀಂದ್ರಪ್ಪ ಮಾತ್ರ ನಗಲಿಲ್ಲ. ಮುಳ್ಳು ಚುಚ್ಚಿದ್ದು ಅವನಿಗೇ ಮರೆತುಹೋಗಿತ್ತು. ಅವಳಿಗೆ ನೆನಪಿತ್ತು!

ಸಾಹೇಬರು ಐನೂರ ಎಪ್ಪತ್ತೊಂದು ಎಂದು ತಿದ್ದಿ ಸಹಿ ಹಾಕಿದರು. ಅಷ್ಟು ಕಳೆದ ಮೇಲೂ ಕಮಲಾಪುರದ ಮುಂದೆ ಕಲಬುರಗಿ ತಲೆತಗ್ಗಿಸುವಂತಿತ್ತು. ವರದಿ ಹೈದರಾಬಾದಿನ ದೊಡ್ಡ ಕಚೇರಿಗೆ ಹೋಗಲಿ, ಆ ಓಣಿಯ ಪುಟ ಮೇಲಿರಲಿ ಎಂದರು.

ಹೊರಗೆ ಬಂದ ಮೇಲೆ ಜಯದೇವಿ ಅಪ್ಪನನ್ನು ಒಂದೇ ಒಂದು ಮಾತು ಕೇಳಿಕೊಂಡಳು. ಅಕ್ಕನ ಓಣಿ ನೋಡಬೇಕು. ದೇವೀಂದ್ರಪ್ಪ ದಾರಿ ತೋರಿಸಿದ. ಇಬ್ಬರು ಎದುರುಬದುರು ಬಂದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದಾದ ಓಣಿ. ಅಕ್ಕ ಇದ್ದ ಮನೆಯಲ್ಲಿ ಈಗ ಬೇರೆ ಯಾರೋ ಇದ್ದರು. ಹೊಸ್ತಿಲಲ್ಲಿ ಒಬ್ಬ ಹೆಂಗಸು ಕೂಸಿಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಜಯದೇವಿ ಬಹಳ ಹೊತ್ತು ಆ ಕೂಸನ್ನು ನೋಡುತ್ತ ನಿಂತಳು. ಖಂಡೆಪ್ಪ ಕಣ್ಣೊರೆಸಿಕೊಂಡು ಓಣಿಯ ತುದಿಗೆ ನಡೆದ.

"ಈ ಊರಿಗಿ ಬಾ ಅಂತ ಇನ್ನ ನಾ ಕೇಳಂಗಿಲ್ರೀ," ಎಂದ ದೇವೀಂದ್ರಪ್ಪ. "ನಾನೇ ಬದಲಿ ಮಾಡಿಸ್ಕೋತೀನಿ. ಕಮಲಾಪುರದ ಚಾವಡ್ಯಾಗ ಯಾವ ಕೆಲಸ ಕೊಟ್ಟರೂ ಆಯ್ತು."

"ನೀವು ಅಲ್ಲಿ ಬಂದ್ರ ಈ ಕೂಸಿನ ಸಲುವಾಗಿ ಯಾರು ಹೊಡದಾಡ್ತಾರ್ರೀ?"

ಅವನು ಕೂಸಿನ ಕಡೆ ನೋಡಿದ.

"ನಾ ಬರ್ತೀನಿ," ಎಂದಳು ಜಯದೇವಿ. ಕಣ್ಣು ತುಂಬಿದ್ದವು. "ಅಂಜಿಕಿ ಹೋಗಿಲ್ಲ. ಖರೇ ಹೇಳ್ತೀನಿ, ಇಲ್ಲಿ ನಿಂತರ ಇನ್ನೂ ಉಸಿರು ಕಟ್ಟತದ. ಆದ್ರ ನೀವಿಲ್ಲದ ಕಮಲಾಪುರದಾಗ ಈ ಮೂರು ವಾರ ಅಷ್ಟು ಗಾಳಿ ಇದ್ದೂ ನನಗ ಉಸಿರಾಡ್ಲಾಕ ಆಗಿಲ್ರೀ."

ದೇವೀಂದ್ರಪ್ಪ ಕೈ ಚಾಚಿದ. ಆ ಕಿರಿದಾದ ಓಣಿಯಲ್ಲಿ ಅವಳು ಆ ಕೈ ಹಿಡಿದಳು.

"ಅಂಜಿಕಿ ಆದಾಗ ಹೇಳ್ತೀರೇನು?" ಎಂದು ಕೇಳಿದ.

"ದಿನಾ ಹೇಳ್ತೀನಿ. ಬ್ಯಾಸರ ಆಗಂಗಿಲ್ಲೇನು?"

"ದಿನಾ ಕೇಳ್ತೀನಿ," ಎಂದ ಅವನು.