ಒಂದು ಕೊಳಕ್ಕೆ ಇಬ್ಬರು ವೈದ್ಯರು

ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅಪರಿಚಿತನೊಬ್ಬ ಹಿತ್ತಲಿನ ಈಜುಕೊಳದ ಅಂಚಿಗೆ ಮಂಡಿಯೂರಿ, ಬೆರಳುದ್ದದ ಗಾಜಿನ ನಳಿಕೆಯೊಂದನ್ನು ಸೂರ್ಯನಿಗೆ ಹಿಡಿದು ನೋಡುತ್ತಿದ್ದ. ಅವನನ್ನು ಕಂಡಾಗ ಅವಳಲ್ಲಿ ಮೊದಲು ಹುಟ್ಟಿದ್ದು ಭಯವಲ್ಲ, ಮತ್ಸರ. ಕೊಳ ಅತ್ತೆಯದು, ನಿಜ. ಆದರೆ ಅದರ ನೀರು ತನ್ನದೆಂದೇ ಅವಳು ಭಾವಿಸಿದ್ದಳು.

ಅವಳು ಡೈರಿಯ ಪ್ರಯೋಗಾಲಯದಲ್ಲಿ ಆರು ವರ್ಷಗಳಿಂದ ಹಾಲಿನ ಹುಳಿಯನ್ನು ಅಳೆಯುತ್ತ ಬಂದವಳು. ಅವಳು ಸಹಿ ಹಾಕಿದ ವರದಿಗೆ ಎರಡನೆಯ ಸಹಿ ಬೇಕಾಗುತ್ತಿರಲಿಲ್ಲ. ಕೆಲಸ ಸಿಕ್ಕಿದಂದಿನಿಂದ ಸೋದರತ್ತೆಯ ಮನೆಯಲ್ಲೇ ವಾಸ. ಅತ್ತೆಗೆ ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ, ದಿನವೂ ಎದೆಮಟ್ಟದ ನೀರಿನಲ್ಲಿ ಅರ್ಧ ಗಂಟೆ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಆ ನೀರಿನ ಪಾರುಪತ್ಯವನ್ನು ಸೋದರಸೊಸೆ ತಾನಾಗಿ ವಹಿಸಿಕೊಂಡಿದ್ದಳು. ಬೆಳಿಗ್ಗೆ ಆರಕ್ಕೆ ಎದ್ದು, ಅಳೆದು, ಹಾಕಬೇಕಾದ್ದನ್ನು ಹಾಕಿ ಡೈರಿಗೆ ಹೊರಡುವುದು ಅವಳಿಗೆ ನಿತ್ಯನೇಮವಾಗಿತ್ತು.

ಆ ನೇಮಕ್ಕೆ ಮೂರು ವಾರಗಳಿಂದ ಏನೋ ವಿಘ್ನ ಒದಗಿತ್ತು. ನೀರು ಮಜ್ಜಿಗೆಯಂತೆ ಕದಡಿ ನಿಂತಿತ್ತು. ಇಂದು ಸರಿಪಡಿಸಿದ್ದು ನಾಳೆಗೆ ಕೆಡುತ್ತಿತ್ತು. ಬೆಳಿಗ್ಗೆ ಅಳೆದರೆ ನೀರಿನಲ್ಲಿ ಆಮ್ಲ ಹೆಚ್ಚು; ಸೋಡಾ ಪುಡಿ ಹಾಕಿ ಸಮ ಮಾಡಿದರೆ, ಮರುದಿನ ಮತ್ತೆ ಆಮ್ಲ. ಅತ್ತೆ ನೀರಿಗಿಳಿಯುವುದನ್ನು ಬಿಟ್ಟು ಪುನಃ ಗೋಡೆ ಹಿಡಿದು ನಡೆಯತೊಡಗಿದ್ದರು. ಅದು ಸಾಲದೆಂಬಂತೆ, ಮಗಳ ಮನೆಗೆ ಹೋಗಿದ್ದ ಮಾವ ಫೋನಿನಲ್ಲೇ ತೀರ್ಪು ಕೊಟ್ಟಿದ್ದರು: ಭಾನುವಾರ ತಾವು ಬಂದು ಅಂಚಿನಲ್ಲಿ ನಿಂತಾಗ ತಳದ ಜಾಲರಿ ಮುಚ್ಚಳ ಕಣ್ಣಿಗೆ ಕಾಣದಿದ್ದರೆ, ಸೋಮವಾರ ಮಣ್ಣಿನ ಲಾರಿ ಬರುತ್ತದೆ, ಕೊಳವಿದ್ದಲ್ಲಿ ಕಾರು ನಿಲ್ಲುತ್ತದೆ. ಅಂದು ಮಂಗಳವಾರ. ಆ ಬೆಳಿಗ್ಗೆ ಬೇಕೆಂದೇ ಸೋಡಾ ಹಾಕದೆ ಹೋಗಿ, ಅರ್ಧ ದಿನದ ರಜೆ ಹಾಕಿ ಅವಳು ಮನೆಗೆ ಬಂದದ್ದೇ ಹಗಲಿನಲ್ಲಿ ಈ ನೀರಿಗೆ ಏನಾಗುತ್ತದೆಂದು ಕಾವಲು ಕಾಯಲು.

"ಯಾರ್ರೀ ನೀವು?" ಎಂದು ಅವಳು ಕೇಳಿದ ಕ್ಷಣದಲ್ಲೇ ಅವನೂ ಅದನ್ನೇ ಕೇಳಿದ.

ಅವನು ಪೂಲ್ ಮೆಕ್ಯಾನಿಕ್. ಮೂರು ವಾರಗಳಿಂದ ದಿನವೂ ಹನ್ನೊಂದಕ್ಕೆ ಬರುತ್ತಿದ್ದಾನಂತೆ. ನಳಿಕೆಯ ನೀರಿಗೆ ಬಣ್ಣದ ಹನಿ ಬಿಟ್ಟರೆ ಅದು ದಿನವೂ ಕಡುನೇರಳೆಗೆ ತಿರುಗುತ್ತದೆ, ಎಂದರೆ ಕ್ಷಾರ ಹೆಚ್ಚಾಗಿದೆ, ಅದಕ್ಕೇ ದಿನವೂ ಆಸಿಡ್ ಹಾಕುತ್ತಿದ್ದೇನೆ ಎಂದು ಅವನು ವಿವರಿಸಿದ. ಅವಳು ಚೀಲದಿಂದ ತನ್ನ ಪುಟ್ಟ ಮೀಟರು ತೆಗೆದು ಅದೇ ನೀರಿಗೆ ಅದ್ದಿದಳು. ಮೀಟರು ಆಮ್ಲವೆಂದಿತು.

ಇಬ್ಬರೂ ನೀರನ್ನು ನೋಡಿದರು, ಬಳಿಕ ಪರಸ್ಪರರ ಉಪಕರಣಗಳನ್ನು, ಕಡೆಗೆ ಮುಖಗಳನ್ನು. ಅವನ ಹುಬ್ಬುಗಳ ನಡುವೆ ಒಂದು ಗೆರೆ ಮೂಡಿತ್ತು. ಮೂರು ವಾರಗಳಿಂದ ಕನ್ನಡಿಯಲ್ಲಿ ತಾನು ಕಾಣುತ್ತಿದ್ದ ಗೆರೆಯೇ ಅದು ಎಂದು ಅವಳಿಗೆ ಹೊಳೆದು, ಬಂದ ಸಿಟ್ಟು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು.

ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ತಲೆ ಕಾಣಿಸಿ ಮರೆಯಾಯಿತು. ಅವಳು ಅತ್ತೆಯನ್ನು ಹೊರಗೆ ಕರೆದಳು.

"ಏನ್ ಮಾಡ್ಲೇ ಪುಟ್ಟಿ," ಎಂದರು ಅತ್ತೆ, ಬಾಗಿಲ ಚೌಕಟ್ಟಿಗೆ ಒರಗಿ. "ಒಬ್ಬರದ್ದು ನಾಟದಿದ್ರೆ ಇನ್ನೊಬ್ಬರದ್ದಾದ್ರೂ ನಾಟಲಿ ಅಂತ ಇವರನ್ನೂ ಕರೆಸ್ದೆ. ಹೇಳಿದ್ರೆ ನಿನಗೂ ಬೇಜಾರು, ಇವರಿಗೂ ಬೇಜಾರು."

ಮಂಡಿನೋವಿಗೂ ಅತ್ತೆಯದು ಇದೇ ಪದ್ಧತಿಯಾಗಿತ್ತು. ಇಬ್ಬರು ಡಾಕ್ಟರು, ಎರಡು ಡಬ್ಬಿ ಮಾತ್ರೆ. ಇವರ ವಿಷಯ ಅವರಿಗೆ ತಿಳಿಯದು, ಅವರದು ಇವರಿಗೆ.

ಅವನು ಮೆಲ್ಲಗೆ, ಬೆಳಿಗ್ಗೆ ಕ್ಲೋರಿನ್ ಕೂಡ ಹಾಕುತ್ತೀರೇನು ಎಂದು ಕೇಳಿದ. ಅವಳು ಹೌದೆಂದಳು. ತಾನೂ ಹಾಕುತ್ತಿರುವುದಾಗಿ ಹೇಳಿ ಅವನು ಕಲ್ಲಿನ ಮೇಲೆ ಕುಳಿತೇಬಿಟ್ಟ.

"ಹಾಗಾದ್ರೆ ಮೇಡಂ, ಈ ಬಣ್ಣ ನನಗೆ ಸುಳ್ಳು ಹೇಳಿದೆ. ಕ್ಲೋರಿನ್ ಅತಿಯಾದ್ರೆ ಈ ಹನಿ ಹೀಗೇ ನೇರಳೆ ಆಗೋದು. ನಾನು ಅದನ್ನ ನಂಬಿ ಆಸಿಡ್ ಸುರಿದೆ."

ಆ ಆಸಿಡಿಗೆ ಮದ್ದೆಂದು ತಾನು ಸೋಡಾ ಸುರಿದದ್ದು, ಆ ಸೋಡಾದಿಂದಲೇ ನೀರು ಕದಡಿದ್ದು, ಕದಡಿತೆಂದು ಇಬ್ಬರೂ ಮತ್ತಷ್ಟು ಕ್ಲೋರಿನ್ ಹಾಕಿದ್ದು, ಎಲ್ಲವೂ ಅವಳ ಕಣ್ಣೆದುರು ಸುತ್ತು ಹಾಕಿ ನಿಂತಿತು. ತಪ್ಪು ಯಾರದೆಂದು ಹುಡುಕಿದರೆ ಯಾರದೂ ಅಲ್ಲ. ಎರಡು ಪ್ರಾಮಾಣಿಕ ಕೈಗಳು ಒಂದನ್ನೊಂದು ಅರಿಯದೆ ದುಡಿದು, ನಿರ್ಮಲವಾದೊಂದು ವಸ್ತುವನ್ನು ಕೆಡಿಸಿದ್ದವು.

ಚಿಕಿತ್ಸೆ ವಿಚಿತ್ರವಾಗಿತ್ತು. ಅವಳ ಮೀಟರನ್ನು ನಂಬಿ ಒಂದೇ ಒಂದು ಸಲ ಆಮ್ಲವನ್ನು ಸಮಗೊಳಿಸುವುದು. ಆ ಮೇಲೆ ಭಾನುವಾರದವರೆಗೆ ಯಾರೂ ಏನನ್ನೂ ಹಾಕಕೂಡದು. ಹೆಚ್ಚಾದ ಕ್ಲೋರಿನ್ನನ್ನು ಬಿಸಿಲು ಹೀರಲಿ. ಕದಡಿದ್ದನ್ನು ಫಿಲ್ಟರು ಹಿಡಿಯಲಿ. ಪಂಪು ಮಾತ್ರ ನಿಲ್ಲದೆ ತಿರುಗಲಿ. ಕೈಕಟ್ಟಿ ಕೂರುವುದು ಇಬ್ಬರಿಗೂ ಅಭ್ಯಾಸವಿಲ್ಲದ ವಿದ್ಯೆ. ತಾನಿಲ್ಲದಾಗ ಇವನು ಏನಾದರೂ ಸುರಿದಾನೆಂದು ಅವಳಿಗೆ ಶಂಕೆ. ಅವಳ ಮುಖ ನೋಡಿದರೆ ಸೋಡಾ ಡಬ್ಬಿ ಬಚ್ಚಿಡಬೇಕು ಅನ್ನಿಸುತ್ತಿದೆಯೆಂದು ಅವನು ಅತ್ತೆಗೆ ಹೇಳಿದ. ಅವಳು ಪಂಪಿನ ಕೋಣೆಯ ಮೊಳೆಗೆ ಒಂದು ನೋಟುಪುಸ್ತಕ ನೇತುಹಾಕಿದಳು. ದಿನ, ಗಂಟೆ, ಹಾಕಿದ್ದೇನು, ಸಹಿ.

ಬುಧವಾರ ಹನ್ನೊಂದಕ್ಕೆ ಅವನು ಬಂದ. ಮಾಡಲು ಕೆಲಸವಿರಲಿಲ್ಲ. ಪ್ರೆಶರ್ ಗೇಜಿನ ಮುಳ್ಳು ಏರಿದೆಯೇ ಎಂದು ನೋಡಿದ, ಫಿಲ್ಟರಿನ ಮರಳನ್ನು ತೊಳೆದ, "ಏನೂ ಹಾಕಿಲ್ಲ" ಎಂದು ಬರೆದು ಸಹಿ ಮಾಡಿದ. ಅವಳೂ ಮತ್ತೆ ಅರ್ಧ ರಜೆ ಹಾಕಿದ್ದಳು. ಅತ್ತೆ ಇಬ್ಬರಿಗೂ ಚಹಾ ಕೊಟ್ಟು, ಹಾಲು ಪರೀಕ್ಷೆ ಮಾಡುವವರಿಲ್ಲದೆ ಡೈರಿಯವರು ಏನು ಮಾಡುತ್ತಿದ್ದಾರೋ ಎಂದು ಗಾಳಿಗೆ ಹೇಳುವವರಂತೆ ಹೇಳಿ ಒಳಗೆ ಹೋದರು.

ಗುರುವಾರ ಪಂಪು ಗುಡುಗುಡು ಸದ್ದು ಮಾಡಿ ನೀರಿನೊಡನೆ ಗುಳ್ಳೆಗಳನ್ನು ಉಗುಳತೊಡಗಿತು. ಎಲ್ಲಿಂದಲೋ ಗಾಳಿ ಎಳೆಯುತ್ತಿದೆ ಎಂದು ಹೇಳಿ ಅವನು ಮಾವನ ಶೇವಿಂಗ್ ನೊರೆಯ ಡಬ್ಬಿ ಕೇಳಿದ. ಪೈಪಿನ ಕೀಲು ಕೀಲಿಗೂ ನೊರೆ ಹಚ್ಚಿ ಪಂಪು ನಡೆಸಿದರೆ, ಗಾಳಿ ಒಳನುಗ್ಗುವ ಕಡೆ ನೊರೆ ಗುಳಿ ಬೀಳುವುದಂತೆ. ಇಬ್ಬರೂ ಆ ಇಕ್ಕಟ್ಟಿನ ಕೋಣೆಯಲ್ಲಿ ಬಾಗಿ, ಬಿಳಿ ನೊರೆಯನ್ನೇ ಉಸಿರು ಬಿಗಿಹಿಡಿದು ನೋಡಿದರು. ಪಂಪಿನ ಮುಚ್ಚಳದ ಅಂಚಿನಲ್ಲಿ, ಮಗುವಿನ ಕೆನ್ನೆಯಲ್ಲಿ ಬಿದ್ದಂತೆ, ಒಂದು ಗುಳಿ ಮೂಡಿತು.

"ಸಿಕ್ತು," ಎಂದ ಅವನು. ಆದರೆ ಮುಚ್ಚಳವನ್ನು ನೋಡಿ ಹೇಳಲಿಲ್ಲ. ಅವನ ನೋಟ ಅವಳ ಮುಖದ ಮೇಲೆ ಒಂದು ಗಳಿಗೆ ಹೆಚ್ಚಾಗಿಯೇ ನಿಂತಿತ್ತು. ಅವಳ ಎದೆ ಲೆಕ್ಕ ತಪ್ಪಿತು. ಆಗ ಅವನು ತನ್ನ ಮೂಗಿನ ತುದಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಅವಳ ಮೂಗಿನ ಮೇಲೆ ನೊರೆ ಕುಳಿತಿತ್ತು.

ಒರೆಸಿಕೊಂಡಳು. ಒಣಗಿದ ರಬ್ಬರ್ ರಿಂಗಿಗೆ ಗ್ರೀಸು ಸವರಿ, ಅವಳು ಪಂಪನ್ನು ಹಿಡಿದುಕೊಂಡಿರಲು ಅವನು ಮುಚ್ಚಳ ತಿರುಗಿಸಿದ. ಪಂಪು ಶಾಂತವಾಯಿತು. ಅವಳು ಆಗಲಿಲ್ಲ. ಆ ನೋಟ ನೊರೆಗೆ ಸಂದದ್ದೋ, ತನಗೋ? ಹುಳಿ, ಜಿಡ್ಡು, ಆಮ್ಲ, ಕ್ಷಾರ ಎಲ್ಲಕ್ಕೂ ಮಾಪಕವಿಟ್ಟ ಭಗವಂತ ಇದೊಂದಕ್ಕೆ ಏಕೆ ಇಡಲಿಲ್ಲವೆಂದು ಅವಳು ಆ ಸಂಜೆಯೆಲ್ಲ ಯೋಚಿಸಿದಳು.

ಶುಕ್ರವಾರ ನೀರು ತಿಳಿಯಾಗತೊಡಗಿತು. ಮೆಟ್ಟಿಲುಗಳೆಲ್ಲ ಕಂಡವು, ಆಳದ ಕಡೆ ಮಾತ್ರ ಇನ್ನೂ ಮಸುಕು. ಆ ಮಸುಕನ್ನು ಕಂಡು ತನಗೆ ಸಮಾಧಾನವಾದದ್ದನ್ನು ಗಮನಿಸಿ ಅವಳು ಬೆಚ್ಚಿದಳು. ನೀರು ತಿಳಿಯಾಗದಿದ್ದರೆ ಕೊಳಕ್ಕೆ ಮಣ್ಣು, ಅತ್ತೆಯ ಕಾಲಿಗೆ ಮತ್ತೆ ಗೋಡೆ. ತಿಳಿಯಾದರೆ ಇವನು ಬರಲು ಕಾರಣವೇ ಇಲ್ಲ. ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ, ಆ ರಾತ್ರಿ ಕಣ್ಣು ಮುಚ್ಚಿ ಕೈಮುಗಿದವಳು ಏನನ್ನೂ ಬೇಡದೆ ಎದ್ದುಬಂದಳು.

ಶನಿವಾರ ಡೈರಿಯವರು ಅವಳಿಗೆ ರಜೆ ಕೊಡಲಿಲ್ಲ. ಸಂಜೆ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲು ಪಂಪಿನ ಕೋಣೆಗೆ ಹೋದಳು. ಪುಸ್ತಕದಲ್ಲಿ ಅವನ ಅಕ್ಷರ: "ಶನಿವಾರ, ಹನ್ನೊಂದು ಗಂಟೆ. ಏನೂ ಹಾಕಿಲ್ಲ. ನೀವೂ ಇರಲಿಲ್ಲ."

ಅವಳು ಅದನ್ನು ನಿಂತು ಓದಿದಳು, ಕುಳಿತು ಓದಿದಳು. ಇದು ದೂರೋ, ವರದಿಯೋ? ಕಾವಲಿಗೆ ಯಾರೂ ಇರಲಿಲ್ಲವೆಂಬ ಆಕ್ಷೇಪವೋ? ಅತ್ತೆಯನ್ನು ಕೇಳಿದರೆ, ಬಂದವರು ಚಹಾ ಬೇಡವೆಂದು ಹೊರಟುಹೋದರು, ಗೇಟಿನವರೆಗೆ ಹೋಗಿ ಎರಡು ಸಲ ತಿರುಗಿ ನೋಡಿದರು, ಏನೋ ಮರೆತಿದ್ದರೇನೋ ಎಂದು ಹೇಳಿ ಅವರು ತರಕಾರಿ ಹೆಚ್ಚುವುದನ್ನು ಮುಂದುವರಿಸಿದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾವ ಬಂದರು. ಚೀಲವನ್ನೂ ಇಳಿಸದೆ ಕೊಳದ ಅಂಚಿನಲ್ಲಿ ನಿಂತು, ಕನ್ನಡಕ ಒರೆಸಿಕೊಂಡು ಬಗ್ಗಿದರು. ತಳದ ಜಾಲರಿ ಮುಚ್ಚಳ ಕಂಡದ್ದು ಮಾತ್ರವಲ್ಲ, ಅದರ ಸ್ಕ್ರೂಗಳೂ ಕಂಡವು. ಮಾವ ಅವನ್ನು ಗಟ್ಟಿಯಾಗಿ ಎಣಿಸಿದರು. ಆರು. ಸೋಲೊಪ್ಪಿಕೊಂಡವರಂತೆ ಲಾರಿಯವನಿಗೆ ಫೋನು ಮಾಡಿ ಬೇಡವೆಂದರು. ಅತ್ತೆ ಕಂಬಿ ಹಿಡಿದು ಮೆಟ್ಟಿಲಿಳಿದು ನೀರಿನಲ್ಲಿ ಮೊದಲ ಹೆಜ್ಜೆ ಇಟ್ಟಾಗ, ಅವರ ಮುಖದ ಮೇಲಿನ ವಯಸ್ಸು ಕರಗಿದಂತೆ ಕಂಡಿತು.

ಹನ್ನೊಂದಕ್ಕೆ ಸರಿಯಾಗಿ ಬಂದ ಅವನನ್ನು ಮಾವ ಹೊಗಳಿದರು. ಹೊಗಳಿ, ಆದದ್ದೆಲ್ಲ ಇಬ್ಬರು ಕೈಹಾಕಿದ್ದರಿಂದ, ಇನ್ನು ಮುಂದೆ ಒಬ್ಬರೇ ಸಾಕು, ಯಾರೆಂದು ನೀವೇ ತೀರ್ಮಾನಿಸಿ ಎಂದರು.

"ಮೇಡಂ ಅವರೇ ನೋಡ್ಕೊಳ್ಳಲಿ ಸಾರ್," ಎಂದ ಅವನು. "ಅವರ ಅಳತೆನೇ ಸರಿ ಇದ್ದಿದ್ದು."

ಇದನ್ನು ಗೌರವವೆಂದು ತಿಳಿಯಬೇಕೋ, ಕೈತೊಳೆದುಕೊಂಡನೆಂದು ತಿಳಿಯಬೇಕೋ? ಅವನು ಸಾಮಾನು ಜೋಡಿಸಿಕೊಳ್ಳಲು ಪಂಪಿನ ಕೋಣೆಗೆ ನಡೆದ. ಅವಳ ಕಾಲುಗಳು ಅವಳನ್ನು ಕೇಳದೆಯೇ ಹಿಂಬಾಲಿಸಿದವು. ಅವನು ಕೊನೆಯ ಸಾಲು ಬರೆಯಲು ಪೆನ್ಸಿಲು ಹಿಡಿದು, ಬರೆಯದೆ ನಿಂತಿದ್ದ.

"ಇನ್ನು ಹನ್ನೊಂದು ಗಂಟೆಗೆ ಬರಬೇಡಿ," ಎಂದಳು ಅವಳು.

ಪೆನ್ಸಿಲು ಕೆಳಗಿಳಿಯಿತು. "ಸರಿ ಮೇಡಂ."

"ಆರು ಗಂಟೆಗೆ ಬನ್ನಿ."

ಅವನ ಹುಬ್ಬುಗಳ ನಡುವೆ ಆ ಮೊದಲ ದಿನದ ಗೆರೆ ಮತ್ತೆ ಮೂಡಿತು. "ಬೆಳಿಗ್ಗೆನಾ? ನೀರಿಗೆ ಮತ್ತೇನಾದ್ರೂ..."

"ನೀರಿಗೆ ಏನೂ ಆಗಿಲ್ಲ. ಬೇರೆ ಬೇರೆ ಹೊತ್ತಲ್ಲಿ ನೋಡಿದ್ದಕ್ಕೇ ಅಲ್ವಾ ಇಷ್ಟೆಲ್ಲ ಆಗಿದ್ದು? ಒಟ್ಟಿಗೆ ನಿಂತು ನೋಡಿದ್ರೆ ತಪ್ಪಾಗಲ್ಲ ಅನ್ಸತ್ತೆ." ಅಷ್ಟು ಹೇಳುವುದರಲ್ಲಿ ಅವಳ ಧೈರ್ಯವೆಲ್ಲ ಮುಗಿಯಿತು. "ನಿನ್ನೆ ನೀವು ಬರೆದಿದ್ದು ನನಗೆ ಅರ್ಥ ಆಗಲಿಲ್ಲ."

"ಬರೆದವನಿಗೂ ಆಗಿರಲಿಲ್ಲ," ಎಂದ ಅವನು. ಮುಖ ತಗ್ಗಿಸಿ ಗ್ರೀಸು ಡಬ್ಬಿಯ ಮುಚ್ಚಳ ತಿರುಗಿಸಿದ. ಅದು ಮೊದಲೇ ಮುಚ್ಚಿತ್ತು. "ಗೇಟಿನ ಹತ್ತಿರ ಹೋದ ಮೇಲೆ ಆಯ್ತು. ಈ ವಾರ ಇಲ್ಲಿ ಕೆಲಸವೇ ಇರಲಿಲ್ಲ. ಆದ್ರೂ ದಿನಾ ಬೇರೆಯವರ ಕೆಲಸ ಬಿಟ್ಟು ಬಂದೆ. ನಿನ್ನೆ ನೀವಿರಲಿಲ್ಲ, ಅಷ್ಟು ತಿಳಿಯಾದ ನೀರನ್ನ ಸರಿಯಾಗಿ ನೋಡಲೂ ಇಲ್ಲ."

ಕೊಳದಿಂದ ಅತ್ತೆಯ ದನಿ ಕೇಳಿಬಂತು. ಪಂಪು ಸರಿಯಾಗಿಯೇ ಇದೆಯಲ್ಲ, ಇಬ್ಬರೂ ಅಷ್ಟು ಹೊತ್ತು ಏನು ರಿಪೇರಿ ಮಾಡುತ್ತಿದ್ದೀರಿ ಎಂದು ಅವರು ವಿಚಾರಿಸುತ್ತಿದ್ದರು. ಅವನು ಏನೋ ಗೀಚಿ, ಪುಸ್ತಕವನ್ನು ಮೊಳೆಗೆ ಸಿಕ್ಕಿಸಿ, ಕಿವಿಯವರೆಗೆ ಕೆಂಪಾಗಿ ಹೊರಗೆ ಹೋದ.

ಅವಳು ಪುಸ್ತಕ ತೆಗೆದು ನೋಡಿದಳು. ಅವನು ಬರೆದದ್ದು ಅಂದಿನ ಸಾಲನ್ನಲ್ಲ, ಮರುದಿನದ್ದನ್ನು: "ಸೋಮವಾರ, ಬೆಳಿಗ್ಗೆ ಆರು ಗಂಟೆ." ಹಾಕಿದ್ದೇನು ಎಂಬಲ್ಲಿ ಖಾಲಿ ಬಿಟ್ಟು, ಸಹಿ ಮಾಡಿ, ಪಕ್ಕದಲ್ಲಿ ಇನ್ನೊಂದು ಸಹಿಗೆ ಆಗುವಷ್ಟು ಜಾಗ ಉಳಿಸಿದ್ದ.

ಆರು ವರ್ಷ ಒಂಟಿಯಾಗಿ ಸಹಿ ಹಾಕಿದವಳು, ಪೆನ್ಸಿಲು ಎತ್ತಿಕೊಂಡು ಅವನ ಸಹಿಯ ಪಕ್ಕದಲ್ಲಿ ತನ್ನದನ್ನೂ ಹಾಕಿದಳು.