ನರಳುವ ಸೇತುವೆ

ಬಸ್ಸು ನದಿಯ ನಡುಮಧ್ಯಕ್ಕೆ ಬರುತ್ತಿದ್ದಂತೆ ಸೇತುವೆ ನರಳಿತು. ತೊಲೆಗಳ ಅಡಿಗೆ ಅಂಟಿಸಿದ ‘ನೋವುತಂತು’ಗಳ ಕೆಲಸವದು. ಹಳೆಯ ಕಾಂಕ್ರೀಟು ತಾಳಲಾರದಷ್ಟು ಭಾರ ಬಿದ್ದರೆ ತಂತು ಹಿಗ್ಗುತ್ತದೆ, ಆ ಹಿಗ್ಗನ್ನು ಯಂತ್ರ ದನಿಯಾಗಿಸುತ್ತದೆ. ಬರೀ ಅಂಕಿಗಳನ್ನು ಕಳಿಸಿದರೆ ಯಾವ ಸಾಹೇಬನೂ ಓದುವುದಿಲ್ಲವೆಂದು ವಿಜ್ಞಾನಿ ವೈಜಯಂತಿ ಕಟ್ಟೀಮನಿ ಸೇತುವೆಗೆ ಗಂಟಲನ್ನೇ ಕೊಟ್ಟಿದ್ದರು. ತಿಂಗಳೊಳಗೆ ಮತ್ತೆ ಮತ್ತೆ ನರಳಿದರೆ ಸೇತುವೆ ಮುಚ್ಚಬೇಕೆಂಬುದು ನಿಯಮ.

ಆದರೆ ಜನರ ಮನಸ್ಸನ್ನು ಅಳೆಯುವ ತಂತು ಎಲ್ಲಿದೆ? ಮರುದಿನವೇ ಕಂಡಕ್ಟರ್ ಹಜರೇಸಾಬ ನದಾಫ ದಡದಲ್ಲಿ ಬಸ್ಸು ನಿಲ್ಲಿಸಿ, “ಎಲ್ಲಾರೂ ಇಳೀರಿ, ಪಾಪ, ಅದಕ್ಕ ತ್ರಾಸ ಆಗತೈತಿ” ಎಂದ. ಜನ ನಡೆದು ದಾಟಿದರು, ಖಾಲಿ ಬಸ್ಸು ಹಿಂದೆ ಬಂತು. ದಿನವೂ ಅದೇ ರೂಢಿಯಾಯಿತು. ಸೇತುವೆ ಮತ್ತೆ ತುಟಿ ಬಿಚ್ಚಲಿಲ್ಲ.

ತಿಂಗಳು ಕಳೆದು ಮುಖ್ಯ ಎಂಜಿನಿಯರ್ ಪದ್ಮನಾಭ ರಾವ್ ಬಂದರು. “ಒಂದೇ ಸಲ ನರಳಿದೆ. ಗಟ್ಟಿಯಾಗಿದೆ. ವಿದ್ಯುತ್ ಕೇಂದ್ರದ ದೊಡ್ಡ ಟ್ರೇಲರ್ ಸಂಜೆ ಇದರ ಮೇಲೇ ಹೋಗಲಿ.”

“ಸರ್, ಜನ ಇಳಿದು ನಡೆದದ್ದಕ್ಕೆ ಅದು ಸುಮ್ಮನಿದೆ. ಟ್ರೇಲರ್ ಬಂದರೆ ಕುಸಿಯುತ್ತದೆ” ಎಂದರು ಜೊತೆಗಿದ್ದ ವೈಜಯಂತಿ.

“ಯಂತ್ರ ನಿಮ್ಮದೇ ಅಲ್ಲವೇನಮ್ಮಾ? ಅದು ಹೇಳಿದ್ದನ್ನೇ ನಾನು ಹೇಳುತ್ತಿದ್ದೇನೆ.”

ಆಗಷ್ಟೇ ಬಸ್ಸು ನಿಲ್ಲಿಸಿ ಜನರನ್ನು ಇಳಿಸಿದ್ದ ಹಜರೇಸಾಬ ಇದನ್ನೆಲ್ಲ ಕೇಳಿಸಿಕೊಂಡ. “ಮೇಡಂ, ನಾವು ಇಳದದ್ದ ತಪ್ಪಾತೇನ್ರಿ?”

ಅವನು ಪ್ರಯಾಣಿಕರಿಗೆ ವಿಷಯ ತಿಳಿಸಿದ. ಬೀಜದ ಚೀಲ ಹೊತ್ತಿದ್ದ ಗೌರವ್ವ ಮೊದಲು ಬಸ್ಸು ಹತ್ತಿ ತನ್ನ ಸೀಟಿನಲ್ಲಿ ಕೂತಳು. ಹಿಂದೆಯೇ ಎಲ್ಲರೂ ಹತ್ತಿದರು.

“ಬ್ಯಾಡ್ರಿ, ಕೈಮುಗೀತೀನಿ” ಎನ್ನುತ್ತ ವೈಜಯಂತಿ ಓಡಿದರು. ಅಷ್ಟರಲ್ಲಿ ಬಸ್ಸು ಹೊರಟಿತ್ತು.

ನಡುಮಧ್ಯದಲ್ಲಿ ಅದು ನಿಂತಿತು. ನರಳಾಟ ಶುರುವಾಗಿ ಏರುತ್ತಲೇ ಹೋಯಿತು. ಕಿಟಕಿಯ ಗಾಜುಗಳು ಅದುರಿದವು. ಕಾಂಕ್ರೀಟಿನ ತುಂಡೊಂದು ಕಳಚಿ ನೀರಿಗೆ ಬಿತ್ತು. ಅಪಾಯ ತಪ್ಪಿಸಲೆಂದು ವೈಜಯಂತಿ ಕೊಟ್ಟ ದನಿ ಇಷ್ಟು ಜನರನ್ನು ಅಪಾಯದ ಮೇಲೇ ತಂದು ಕೂರಿಸಿತ್ತು.

ಗಟ್ಟಿಯಾಗಿದೆ ಎಂದ ರಾವ್ ಅವರೇ ದಡದಿಂದ ಕೂಗಿದರು: “ಇಳಿಯಿರಿ, ಎಲ್ಲರೂ ಇಳಿಯಿರಿ!”

ಹಜರೇಸಾಬ ಬಾಗಿಲಿನಿಂದ ತಲೆ ಹೊರಹಾಕಿದ. “ಯಾಕ್ರೀ ಸಾಹೇಬ್ರ, ಗಟ್ಟಿ ಐತಿ ಅಂದ್ರಲ್ಲ. ಮೊದಲ ಟ್ರೇಲರ್ ಬ್ಯಾಡ ಅಂತ ಫೋನ್ ಮಾಡ್ರಿ. ಆಮ್ಯಾಲ ಇಳೀತೀವಿ.”

ಕೊನೆಗೆ ರಾವ್ ಫೋನಿನಲ್ಲಿ ಹೇಳಿದರು: “ಟ್ರೇಲರ್ ಬೇಡ. ಸೇತುವೆ ಮುಚ್ಚಿಸಿ. ಈಗಲೇ.”

ಆಮೇಲೆಯೇ ಜನ ಒಬ್ಬೊಬ್ಬರಾಗಿ ಇಳಿದರು. ನರಳಾಟ ತಗ್ಗಿ ನಿಂತಿತು. ಖಾಲಿ ಬಸ್ಸು ಮೆಲ್ಲಗೆ ದಡ ಸೇರಿತು. ನಾಳೆಯಿಂದ ದೂರದ ದಾರಿ ಸುತ್ತಿಕೊಂಡು ಹೋಗಬೇಕೆಂಬುದು ಎಲ್ಲರಿಗೂ ಗೊತ್ತಿತ್ತು.

ರಾವ್ ಅವರ ಜೀಪು ಆಚೆ ದಡದಲ್ಲಿತ್ತು. ತರಲು ಹೊರಟ ಚಾಲಕನನ್ನು ತಡೆದು, ಅವರೇ ಕಾಲೂರಲೂ ಅಂಜುತ್ತ ನಡೆದರು. ಹಜರೇಸಾಬ ಜೊತೆಗೂಡಿದ.

“ಹಗೂರ ನಡೀರಿ ಸಾಹೇಬ್ರ. ಅದಕ್ಕ ನೋವಾಗತೈತಿ.”